ಸೆಲ್ಲು ತೆಗೆದ ಒಂದೂವರೆ ಗಂಟೆ

ವಿಮಾನದೊಳಗೆ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದು ವಿಮಾನ ಹತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತಿಳಿದುಕೊಂಡಿದ್ದೆ ಅಂದರೆ ಹೆಚ್ಚು ಸರಿ.

ಹರಿಹರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಬೆಳಿಗ್ಗೆ ದಾವಣಗೆರೆಯಿಂದ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ನಮ್ಮ ಸಾಹೇಬರುಗಳು ಆಗಾಗ ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂಬಯಿಗೋ ದಿಲ್ಲಿಗೋ ಹಾರುತ್ತಿದ್ದರು. ಅವರ ಟಿಕೆಟ್ಟಿನ ಕಾಗದಪತ್ರವೆಲ್ಲ ನನ್ನ ಮೇಜಿನ ಕೆಲಸ. ಮೊದಲ ಸಲ ಹೊರಟವರ ಕೈಗೆ ಕೊಡಲೆಂದು ಇಂಗ್ಲಿಷಿನ ಒಂದು ಸೂಚನೆಯ ಹಾಳೆಯನ್ನೂ ನಾನೇ ಟೈಪು ಮಾಡಿದ್ದೆ. ಎಷ್ಟು ಹೊತ್ತು ಮೊದಲು ಹೋಗಬೇಕು, ಸಾಮಾನು ಎಷ್ಟಿರಬೇಕು, ಚಾಕು ಇಟ್ಟುಕೊಳ್ಳಬಾರದು, ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರು ಒಳಗೆ ಹಚ್ಚಬಾರದು, ಹಚ್ಚಿದರೆ ಪೈಲಟ್ಟಿಗೆ ದಾರಿ ತೋರಿಸುವ ಯಂತ್ರಗಳಿಗೆ ತೊಂದರೆ. ಇಷ್ಟು ಬಂಡವಾಳ ಇಟ್ಟುಕೊಂಡು ನಾನು ರೈಲಿನ ಹೆಂಗಸರ ಡಬ್ಬಿಯಲ್ಲಿ ಪೈಲಟ್ಟಿನ ಸ್ವಂತ ಅಕ್ಕನ ಹಾಗೆ ಮಾತಾಡುತ್ತಿದ್ದೆ. ಹರಿಹರದ ಸಿಗ್ನಲ್ಲಿನ ಹತ್ತಿರ ರೈಲು ನಿಂತಾಗ ಆಕಾಶದಲ್ಲಿ ಒಂದು ಬಿಳಿ ಗೆರೆ ಕಂಡರೆ ಸಾಕು, ಜೊತೆಯವರು ನನ್ನನ್ನೇ ಕೇಳುತ್ತಿದ್ದರು. "ಇಮಾನದಮ್ಮಾ, ಅದು ಯಾವೂರಿಗೆ ಹೊಂಟೈತೆ ಹೇಳವ್ವಾ." ನಾನೂ ಬಿಡದೆ ಹೇಳುತ್ತಿದ್ದೆ.

ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಗ್ಗ ನಡೆಸಿದವರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಕಿವಿ ಉಳಿಯುವುದಿಲ್ಲ. ಅಲ್ಲಿಯವರು ಮಾತಾಡುವುದು ತುಟಿಯಲ್ಲಿ, ಬೆರಳಿನಲ್ಲಿ. ದೂರದ ಮಗ್ಗದವನು ಬಾಯಿ ಆಡಿಸಿದರೆ ಈ ಕಡೆಯವನು ಓದಿಕೊಳ್ಳುತ್ತಾನೆ. ಓದಲಿಕ್ಕೆ ಆಗದಿದ್ದರೆ ತಲೆ ಆಡಿಸುತ್ತಾನೆ. ಮೇಲಿನವರು ಬೈದರೂ ತಲೆ ಆಡಿಸುವುದು, ಹೊಗಳಿದರೂ ತಲೆ ಆಡಿಸುವುದು, ಆಮೇಲೆ ಹೊರಗೆ ಬಂದಾಗ ಏನಂದಿರಿ ಎಂದು ಕೇಳಿದರಾಯಿತು. ಇದು ಮಿಲ್ಲಿನ ಪದ್ಧತಿ. ಅಪ್ಪನಿಗೆ ಮನೆಯಲ್ಲೂ ಅದೇ ಪದ್ಧತಿ ಆಗಿಹೋಗಿತ್ತು.

ನಿವೃತ್ತಿಯ ಹೊತ್ತಿಗೆ ಎಂ.ಸಿ.ಸಿ. ಬಡಾವಣೆಯ ಕಿವಿ ಡಾಕ್ಟರು ಒಂದು ಮಿಷನ್ ಕೊಡಿಸಿದರು. ಮಾತು ಹಿಡಿಯಲು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ, ಒಳಗೆ ಒಂದು ಪೆನ್ಸಿಲ್ ಸೆಲ್ಲು, ಅದರಿಂದ ಕಿವಿಗೆ ಒಂದು ವೈರು. ಕ್ರಿಕೆಟ್ ನಡೆಯುವ ದಿನ ಅಪ್ಪ ಪೇಟೆಗೆ ಹೋದರೆ ಸೈಕಲ್ ನಿಲ್ಲಿಸಿ "ಯಜಮಾನ್ರೆ, ಸ್ಕೋರ್ ಎಷ್ಟಾತ್ರಿ?" ಎಂದು ಕೇಳುವವರು ಒಬ್ಬರಲ್ಲ ಇಬ್ಬರಲ್ಲ. ಅಪ್ಪ ತಲೆ ಆಡಿಸುತ್ತಿದ್ದರು. ಕಿವಿಯ ಗುಂಡಿ ಸ್ವಲ್ಪ ಸಡಿಲಾದರೆ ಪೆಟ್ಟಿಗೆ ಕುಂಯ್ ಎಂದು ಸಿಳ್ಳೆ ಹೊಡೆಯುತ್ತಿತ್ತು. ಆ ಸಿಳ್ಳೆ ಅಪ್ಪನೊಬ್ಬರಿಗೆ ಬಿಟ್ಟು ಊರಿಗೆಲ್ಲ ಕೇಳುತ್ತಿತ್ತು. ಮದುವೆಮನೆಯಲ್ಲಿ, ಬಸ್ಸಿನಲ್ಲಿ ಅದು ಶುರುವಾದರೆ ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸುತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನನ್ನನ್ನು ನಾನು ಒಳ್ಳೆಯವಳೆಂದು ತೋರಿಸಿಕೊಳ್ಳದಿರಲಿ ಎಂದು.

ಅಪ್ಪನ ಇನ್ನೊಂದು ವಿಷಯವನ್ನೂ ಹೇಳಬೇಕು. ಮಿಲ್ಲಿನ ಗೇಟಿನಲ್ಲಿ ಪಾಳಿಗೆ ಹೋಗುವವರೆಲ್ಲ ಬೀಡಿಕಟ್ಟು, ಬೆಂಕಿಪೆಟ್ಟಿಗೆ ಕೊಟ್ಟು ಒಳಗೆ ಹೋಗಬೇಕು. ಹತ್ತಿ ಇರುವ ಜಾಗ, ಒಂದು ಕಿಡಿ ಸಾಕು. ಅಪ್ಪ ಹೊಸದಾಗಿ ಸೇರಿದ ಕಾಲದಲ್ಲಿ ಯಾರೋ ಒಬ್ಬ ಸೊಂಟದಲ್ಲಿ ಬೆಂಕಿಪೆಟ್ಟಿಗೆ ಬಚ್ಚಿಟ್ಟುಕೊಂಡು ಹೋಗಿ, ಹತ್ತಿಯ ಕೋಣೆಗೆ ಬೆಂಕಿ ಬಿದ್ದು, ಅವನೂ ಸುಟ್ಟುಕೊಂಡ, ಏನೂ ಅರಿಯದ ಇನ್ನೊಬ್ಬನೂ ಸುಟ್ಟುಕೊಂಡ. ಸುಟ್ಟವರನ್ನು ಹೊತ್ತು ತಂದವರಲ್ಲಿ ಅಪ್ಪನೂ ಒಬ್ಬರು. ಅಂದಿನಿಂದ "ಒಬ್ಬನ ಜೇಬಿನ ಕಡ್ಡಿ ಎಲ್ಲರ ಮನಿ ಸುಡ್ತೈತೆ" ಅನ್ನುವುದು ಅವರ ಬಾಯಿಪಾಠ. ಬೇಡ ಅಂದದ್ದನ್ನು ಯಾಕೆ ಎಂದು ಕೇಳದೆ ಗೇಟಿನಲ್ಲೇ ಕೊಟ್ಟು ಹೋಗುವುದು ಅವರ ಸ್ವಭಾವ.

ಅವ್ವನಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಬೇಕು. ದವಡೆಯಲ್ಲಿ ಅದನ್ನು ಇಟ್ಟುಕೊಂಡೇ ಅವಳು ನಮ್ಮನ್ನೆಲ್ಲ ಸಾಕಿದ್ದು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು ಎದ್ದಿತು. ತುಪ್ಪ ಹಚ್ಚಿದೆವು, ಜೇನು ಹಚ್ಚಿದೆವು, ಆರು ತಿಂಗಳು ಕಳೆದೆವು. ಕೊನೆಗೆ ದೊಡ್ಡ ಡಾಕ್ಟರು ನೋಡಿದವರೇ ಮುಂಬಯಿಗೆ ಕರೆದುಕೊಂಡು ಹೋಗಿ ಎಂದರು. ನಾಲಿಗೆ ತೆಗೆಯಬೇಕಾದೀತು ಎಂದು ಅವಳೆದುರಿಗೇ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ಅವ್ವ ಒಂದೇ ಮಾತು ಕೇಳಿದಳು. "ಪೂರ್ತಿ ತೆಗೀತಾರಾ?" ನಾನು ಇಲ್ಲ ಅಂದೆ. ಅವಳು ನಂಬಲಿಲ್ಲ.

ರೈಲಿನಲ್ಲಿ ಅಷ್ಟು ದೂರ ಗಾಡಿ ಬದಲಿಸುತ್ತ ಹೋಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬಾಯಿಂದ ಆಗಾಗ ರಕ್ತ ಬರುತ್ತಿತ್ತು. ನಮ್ಮ ಮ್ಯಾನೇಜರು ಒಳ್ಳೆಯ ಮನುಷ್ಯ. ಬೆಂಗಳೂರಿಗೆ ಹೊರಟಿದ್ದ ಆಫೀಸಿನ ಕಾರಿನಲ್ಲಿ ಜಾಗ ಕೊಟ್ಟು, ಅಲ್ಲಿಂದ ವಿಮಾನದಲ್ಲಿ ಮೂರು ಸೀಟು ಮಾಡಿಸಿಕೊಟ್ಟರು. ಆ ಕಾಗದವನ್ನೂ ನಾನೇ ಟೈಪು ಮಾಡಿದೆ. ಇಷ್ಟು ವರ್ಷ ಬೇರೆಯವರ ಹೆಸರು ಬರೆದ ಜಾಗದಲ್ಲಿ ನಮ್ಮ ಮೂವರ ಹೆಸರು ಬರೆಯುವಾಗ, ಅಂಥ ಹೊತ್ತಿನಲ್ಲೂ ನನಗೆ ಸ್ವಲ್ಪ ಜಂಬ ಬಂದದ್ದು ಸುಳ್ಳಲ್ಲ.

ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಪೊಲೀಸಿನವನು ಅಪ್ಪನ ಜೇಬಿನ ಪೆಟ್ಟಿಗೆ ತೆಗೆಸಿ ನೋಡಿದ. ವೈರು ಹಿಡಿದು ಕಿವಿಯವರೆಗೆ ನೋಡಿದ. ನಕ್ಕು, ಪೆಟ್ಟಿಗೆಯನ್ನು ತಾನೇ ಜೇಬಿಗೆ ಇಳಿಸಿ, ಅಪ್ಪನ ಹೆಗಲು ತಟ್ಟಿ ಕಳಿಸಿದ. ನನ್ನ ಹಿಂದಿದ್ದವನ ಟ್ರಾನ್ಸಿಸ್ಟರಿನ ಸೆಲ್ಲುಗಳನ್ನು ಮಾತ್ರ ಅವನೇ ತೆಗೆಸಿ ಇಟ್ಟುಕೊಂಡ. ಇದು ನನ್ನ ಕಣ್ಣೆದುರಿಗೇ ನಡೆಯಿತು. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು.

ವಿಮಾನದಲ್ಲಿ ಅವ್ವನಿಗೆ ಕಿಟಕಿ, ಪಕ್ಕದಲ್ಲಿ ಅಪ್ಪ, ಅಪ್ಪನ ಪಕ್ಕ ಸೂಟು ಹಾಕಿದ ಒಬ್ಬರು. ನಡುವೆ ಓಡಾಡುವ ದಾರಿ ಬಿಟ್ಟು ಈ ಕಡೆ ನಾನು. ಅವ್ವ ಸೆರಗನ್ನು ಬಾಯಿಗೆ ಸುತ್ತಿಕೊಂಡು ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಹುಣ್ಣಿನ ವಾಸನೆ ಇನ್ನೊಬ್ಬರಿಗೆ ಬರಬಾರದು ಎಂದು ಅವಳು ಆ ಸೆರಗು ತೆಗೆಯದೆ ತಿಂಗಳುಗಳೇ ಆಗಿದ್ದವು. ಅವಳ ತುಟಿ ಕಾಣದೆ ಅಪ್ಪ ಅವಳನ್ನು ಓದುವುದೂ ನಿಂತಿತ್ತು. ಆ ಪೆಟ್ಟಿಗೆಯೊಂದೇ ಅವರಿಬ್ಬರ ನಡುವೆ ಉಳಿದ ದಾರಿ.

ವಿಮಾನ ಹೊರಡುವ ಮೊದಲು ಗಗನಸಖಿ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು: ಬೆಲ್ಟು ಕಟ್ಟಿ, ಸಿಗರೇಟು ಆರಿಸಿ, ಟ್ರಾನ್ಸಿಸ್ಟರು ಹಚ್ಚಬೇಡಿ. ಅದೇ ಹೊತ್ತಿಗೆ ಸರಿಯಾಗಿ ಅಪ್ಪ ಸೀಟಿಗೆ ತಲೆ ಒರಗಿಸಿದರು, ಗುಂಡಿ ಸಡಿಲಾಯಿತು, ಪೆಟ್ಟಿಗೆ ಕುಂಯ್ ಎಂದಿತು. ಸೂಟಿನವರು ತಿರುಗಿ ನೋಡಿದರು. ಮುಂದಿನ ಸಾಲಿನ ಹೆಂಗಸು ಎದ್ದು ನೋಡಿದಳು. ನನ್ನ ಮುಖ ಕೆಂಡವಾಯಿತು. ನಾನು ದಾರಿ ದಾಟಿ ಬಗ್ಗಿ ಅಪ್ಪನ ಜೇಬಿಗೆ ಬಾಯಿ ಹಚ್ಚಿದೆ.

"ಅಪ್ಪಾ, ಅದನ್ನ ಬಂದ್ ಮಾಡ್ರಿ. ಸೆಲ್ಲಿನ ಮಿಷನ್ ಇಲ್ಲಿ ಹಚ್ಚಂಗಿಲ್ಲ. ಈಗ ಹೇಳಿದ್ರಲ್ಲ."

"ಇದು ಹಾಡಂಗಿಲ್ಲ ಅಲ್ಲೇನವ್ವಾ?" ಎಂದರು ಅಪ್ಪ. "ಇದಕ್ಕೂ ಬ್ಯಾಡಂತಾ? ಒಂದು ಮಾತು ಕೇಳು ಆ ಹುಡುಗೀನ."

"ನನಗೆ ಗೊತ್ತೈತೆ. ರೂಲ್ಸು ಟೈಪ್ ಮಾಡೋಳೇ ನಾನು. ಪೈಲಟ್ಟಿಗೆ ದಾರಿ ತಪ್ಪುತೈತೆ. ಇಷ್ಟು ಜನರ ಜೀವ ಐತೆ ಇಲ್ಲಿ."

ಇಷ್ಟು ಜನರ ಜೀವ ಅನ್ನುವ ಮಾತು ಸಾಕಾಯಿತು. ಅಪ್ಪ ಮಿಲ್ಲಿನ ಗೇಟಿನಲ್ಲಿ ನಿಂತವರಾದರು. ಪೆಟ್ಟಿಗೆ ಬಿಚ್ಚಿ, ಬಂದ್ ಮಾಡಿದರೂ ಸಾಲದೆಂದು ಸೆಲ್ಲನ್ನೇ ತೆಗೆದು, ಬೀಡಿಕಟ್ಟು ಒಪ್ಪಿಸುವ ಹಾಗೆ ನನ್ನ ಅಂಗೈಯಲ್ಲಿಟ್ಟರು. ಬರೀ ಪೆಟ್ಟಿಗೆಯನ್ನು ಜೇಬಿಗೆ ಇಳಿಸಿದರು. ಕಳೆದೀತು ಎಂದು ವೈರನ್ನು ಕಿವಿಯಲ್ಲೇ ಬಿಟ್ಟುಕೊಂಡರು. ನಾನು ಸೆಲ್ಲನ್ನು ಪರ್ಸಿಗೆ ಹಾಕಿ, ನನ್ನ ಸೀಟಿಗೆ ಬಂದು, ಸೂಟಿನವರ ಕಡೆ ನೋಡಿ ಒಂದು ನಗೆ ನಕ್ಕೆ. ಇಷ್ಟೂ ಹೊತ್ತು ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ವಿಮಾನ ಮೇಲೇರಿತು. ಎಂಜಿನ್ನಿನ ಆ ಸದ್ದಿನಲ್ಲಿ ಪಕ್ಕದವರು ಕೆಮ್ಮಿದರೂ ಕೇಳುತ್ತಿರಲಿಲ್ಲ. ಅಪ್ಪನ ಮುಖ ಮಾತ್ರ ಹಗುರಾಗಿತ್ತು, ಮಗ್ಗದ ಪಾಳಿಗೆ ಬಂದವರ ಹಾಗೆ.

ಸ್ವಲ್ಪ ಹೊತ್ತಿಗೆ ಆ ಕಡೆ ನೋಡಿದರೆ, ಅವ್ವ ಕಿಟಕಿ ಬಿಟ್ಟು ಅಪ್ಪನ ಕಡೆ ವಾಲಿದ್ದಳು. ಸೆರಗು ಸುತ್ತಿದ ಬಾಯನ್ನು ಅವರ ಜೇಬಿನ ವೈರಿನ ಹತ್ತಿರ ತಂದು ಮಾತಾಡುತ್ತಿದ್ದಳು. ಅವಳ ಕುತ್ತಿಗೆಯ ನರ ಬಿಗಿದದ್ದು ಕಾಣುತ್ತಿತ್ತು. ಅಂದರೆ ಕೂಗಿ ಹೇಳುತ್ತಿದ್ದಳು. ಆ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ. ಅಪ್ಪ ತಲೆ ಆಡಿಸುತ್ತಿದ್ದರು. ಹುಡುಗಿ ತಿಂಡಿ ತಂದಾಗ ಅವ್ವ ಬೇಡವೆಂದು ಕೈ ಆಡಿಸಿ ಮತ್ತೆ ಶುರು ಮಾಡಿದಳು. ನಡುವೆ ಒಂದು ಸಲ ಕಣ್ಣೊರೆಸಿಕೊಂಡಳು. ಒಂದು ಸಲ ನಕ್ಕಳೋ ಏನೋ, ಸೆರಗು ಅಲುಗಿತು. ಆರು ತಿಂಗಳಿಂದ ನಾಲ್ಕು ಮಾತಿಗಿಂತ ಹೆಚ್ಚು ಆಡದವಳು ಹೀಗೆ ಮಾತಾಡುತ್ತಿದ್ದಾಳಲ್ಲ ಎಂದು ನನಗೆ ಬಹಳ ಖುಷಿಯಾಯಿತು. ಸೆಲ್ಲು ನನ್ನ ಪರ್ಸಿನಲ್ಲಿದೆ ಎನ್ನುವುದು ಆ ಖುಷಿಯಲ್ಲಿ ನನ್ನ ತಲೆಗೇ ಬರಲಿಲ್ಲ. ಬಂದಿದ್ದರೆ ಏಳುತ್ತಿದ್ದೆನೇ? ಆ ಸಿಳ್ಳೆಗೆ ಹೆದರಿ ಸುಮ್ಮನಿರುತ್ತಿದ್ದೆನೇ? ಈಗಲೂ ಆಣೆ ಇಟ್ಟು ಹೇಳಲಾರೆ.

ನಮ್ಮದು ಮಿಲ್ಲಿನ ಚಾಳಿನ ಒಂದು ಕೋಣೆ, ಒಂದು ಅಡುಗೆಮನೆ. ಆ ಕಡೆಯವರು ಒಗ್ಗರಣೆ ಹಾಕಿದರೆ ಈ ಕಡೆ ಸೀನು. ಅಂಥ ಮನೆಯಲ್ಲಿ ಹೆಂಗಸೊಬ್ಬಳು ಕಿವುಡ ಗಂಡನಿಗೆ ಗುಟ್ಟಿನ ಮಾತು ಹೇಳುವುದು ಹೇಗೆ? ಕೂಗಬೇಕು, ಕೂಗಿದರೆ ಓಣಿಗೆಲ್ಲ ಕೇಳುತ್ತದೆ. ಇನ್ನೊಬ್ಬರ ಎದುರು ಗಂಡನ ಜೊತೆ ಎರಡು ಮಾತು ಆಡಿದವಳಲ್ಲ ಅವ್ವ. ಎಷ್ಟು ಕೂಗಿದರೂ ಯಾರಿಗೂ ಕೇಳದ, ಗಂಡ ಎದ್ದು ಹೋಗಲಾರದ ಜಾಗ ಅವಳಿಗೆ ಜನ್ಮದಲ್ಲಿ ಸಿಕ್ಕಿದ್ದು ಅದೊಂದೇ. ನಾಲಿಗೆ ಇರುವುದು ಇನ್ನು ಎರಡೋ ಮೂರೋ ದಿನ ಎಂದೂ ಅವಳಿಗೆ ಗೊತ್ತಿತ್ತು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮುಂಬಯಿಯಲ್ಲಿ ಇಳಿದು ಸಾಮಾನಿಗೆ ಕಾಯುತ್ತಿದ್ದಾಗ ನಾನು ಸೆಲ್ಲು ಕೊಟ್ಟೆ. ಅಪ್ಪ ಪೆಟ್ಟಿಗೆ ಬಿಚ್ಚಿ ಹಾಕಿಕೊಂಡರು. ಕುಂಯ್ ಎಂದಿತು. ಗುಂಡಿ ಒತ್ತಿಕೊಂಡು ಅವ್ವನ ಕಡೆ ತಿರುಗಿ, ಹೊಸ ಮದುವಣಿಗನ ಹಾಗೆ ಮುಖ ಮಾಡಿಕೊಂಡು ಕೇಳಿದರು.

"ಈಗ ಹೇಳು. ಅವಾಗಿಂದ ಏನೋ ಹೇಳ್ತಿದ್ದೆಲ್ಲ, ಏನು?"

ಅವ್ವ ಅವರ ಮುಖ ನೋಡಿದಳು. ಬಿಚ್ಚಿದ ಪೆಟ್ಟಿಗೆ ನೋಡಿದಳು. ಆಮೇಲೆ ನನ್ನ ಕೈಯಲ್ಲಿ ಇನ್ನೂ ತೆರೆದೇ ಇದ್ದ ಪರ್ಸು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ನನಗೂ ಆಗಲೇ ತಿಳಿದದ್ದು.

"ಏನಿಲ್ಲ ಬಿಡ್ರಿ" ಎಂದಳು.

ಅಷ್ಟು ಕೂಗಿದ್ದಕ್ಕೆ ಸೆರಗಿನ ಒಳಮೈಯೆಲ್ಲ ರಕ್ತವಾಗಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾಲಿಗೆ ಊದಿಕೊಂಡಿತು. ಹೆಂಗಸರ ವಾರ್ಡು. ಸಂಜೆ ಒಂದು ಗಂಟೆ ಮಾತ್ರ ಗಂಡಸರನ್ನು ಬಿಡುತ್ತಿದ್ದರು. ಅಪ್ಪ ಪೆಟ್ಟಿಗೆಯನ್ನು ಅವಳ ಬಾಯಿಯ ಹತ್ತಿರ ಹಿಡಿದು ಕೂತರು. ಅವ್ವ ಅತ್ತ ಇತ್ತ ಇಪ್ಪತ್ತು ಮಂಚಗಳನ್ನು ನೋಡಿದಳು, ಬಾಯಿ ಬಿಡಲಿಲ್ಲ.

ಅಪ್ಪ ಹೋದ ಮೇಲೆ ನಾನು ಅವಳ ಕಾಲು ಹಿಡಿದುಕೊಂಡೆ. "ಅವ್ವಾ, ನನ್ನ ತಪ್ಪು. ಏನ್ ಹೇಳ್ದೆ ಅಂತ ನನಗೆ ಹೇಳು. ನಾ ಅಪ್ಪಗೆ ಹೇಳ್ತೀನಿ."

ತೊದಲುತ್ತಾ, ಆದರೆ ನನಗೆ ಸ್ಪಷ್ಟವಾಗಿ ಕೇಳುವ ಹಾಗೆ ಹೇಳಿದಳು. "ಗಂಡ ಹೆಂಡ್ತಿ ಮಾತು. ನೀ ಯಾರೇ ನಡುವೆ?" ಸೆರಗು ಸರಿ ಮಾಡಿಕೊಂಡು, "ನಾ ಹೇಳೋದು ಹೇಳಿ ಆತು" ಎಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಮಾರನೆಯ ದಿನ ಬಾಯಿಯೇ ಬಿಡಲಾಗಲಿಲ್ಲ, ಅದರ ಮಾರನೆಯ ಬೆಳಿಗ್ಗೆ ಆಪರೇಷನ್.

ಒಂದು ತಿಂಗಳ ಮೇಲೆ ಊರಿಗೆ ಕರೆದುಕೊಂಡು ಬಂದೆವು. ಮೂಗಿನಲ್ಲಿ ಹಾಕಿದ ನಳಿಗೆಯಿಂದ ಗಂಜಿ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಸಹಿ ಹಾಕುವುದನ್ನು ನಾನೇ ಕಲಿಸಿದ್ದೆ. ನಾಲ್ಕು ತಿಂಗಳು ಬದುಕಿದಳು. ಆ ನಾಲ್ಕು ತಿಂಗಳೂ ಅಪ್ಪ ಪೆಟ್ಟಿಗೆಯನ್ನು ಬಂದ್ ಮಾಡಲಿಲ್ಲ. ಸದ್ದನ್ನು ಪೂರ್ತಿ ಏರಿಸಿಕೊಂಡು ಅವಳ ಮಂಚದ ಹತ್ತಿರ ಕೂಡುತ್ತಿದ್ದರು. ಅದು ಸಿಳ್ಳೆ ಹೊಡೆಯುತ್ತಲೇ ಇರುತ್ತಿತ್ತು. ನಾಲಿಗೆಯೇ ಇಲ್ಲದ ಬಾಯಿ ಒಂದು ದಿನ ಮಾತಾಡೀತು ಎಂದು ಕಾಯುವ ಆ ಮುದುಕನನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಭಾನುವಾರವೂ ಕೆಲಸವಿದೆ ಎಂದು ಸುಳ್ಳು ಹೇಳಿ ಹರಿಹರಕ್ಕೆ ಹೋಗಿ ತುಂಗಭದ್ರೆಯ ಸೇತುವೆಯ ಕಟ್ಟೆ ಮೇಲೆ ಕೂತು ಬರುತ್ತಿದ್ದೆ.

ಅವ್ವ ಹೋದಳು. ತಿಥಿ ಮುಗಿದ ಮೇಲೆ ಅಪ್ಪ ನನ್ನನ್ನು ಎದುರು ಕೂಡಿಸಿಕೊಂಡರು.

"ನೀ ಆ ಕಡೆ ಕೂತಿದ್ದಿ. ಏನಾರ ಕೇಳಿಸ್ತಾ?"

"ಇಲ್ಲಪ್ಪಾ."

"ಮೂರು ಸಲ ನನ್ನ ಮೊಣಕೈ ಹಿಡಿದ್ಲು. ಯಾವ ಮಾತಿಗೆ ಹಿಡಿದ್ಲೋ." ತಮ್ಮ ಮೊಣಕೈ ಸವರಿಕೊಂಡು ಮತ್ತೆ ಹೇಳಿದರು. "ನಂಗ ಕೇಳಂಗಿಲ್ಲ ಅಂತ ನಾ ಅವಾಗ್ಲೇ ಹೇಳ್ಬೌದಿತ್ತು. ಅವಳು ಅಷ್ಟು ಮಾತಾಡಿ ಎಷ್ಟು ದಿನ ಆಗಿತ್ತು. ನಿಲ್ಸಾಕೆ ಮನಸ್ಸು ಬರ್ಲಿಲ್ಲ. ಇಳಿದ ಮ್ಯಾಲೆ ಇನ್ನೊಂದ್ಸಲ ಹೇಳಿಸ್ಕೊಂಡ್ರಾತು ಅಂದ್ಕಂಡೆ. ಮಿಲ್ನಾಗೆ ಹಂಗೇ ಮಾಡ್ತಿದ್ವಿ." ಆಮೇಲೆ, ನನ್ನನ್ನೇ ಸಮಾಧಾನ ಮಾಡುವವರಂತೆ, "ರೂಲ್ಸು ಅಂದ್ರ ರೂಲ್ಸು. ಏನ್ ಮಾಡಾಕಾಗ್ತೈತೆ?" ಎಂದರು. ಅಂದಿನಿಂದ ಅವರು ಪೆಟ್ಟಿಗೆ ಹಾಕಿಕೊಳ್ಳುವುದನ್ನು ಬಿಟ್ಟರು. ಅದರ ಸೆಲ್ಲನ್ನು ತೆಗೆದು ಗೋಡೆಯ ಗಡಿಯಾರಕ್ಕೆ ಹಾಕಿದರು. ಬರೀ ಪೆಟ್ಟಿಗೆ ಅವ್ವನ ಫೋಟೊದ ಕೆಳಗಿನ ಗೂಡು ಸೇರಿತು.

ಅವರ ಆ ರೂಲ್ಸು ಎಂಬ ಮಾತೇ ನನಗೆ ಆಧಾರವಾಗಿತ್ತು. ತಪ್ಪು ನನ್ನದಲ್ಲ, ನಿಯಮದ್ದು. ಅದನ್ನು ಹಿಡಿದುಕೊಂಡು ಒಂದು ಮಳೆಗಾಲ ಕಳೆದೆ.

ಆಮೇಲೆ ಒಂದು ದಿನ ಆಫೀಸಿನಲ್ಲಿ ಹೊಸ ಇಂಜಿನಿಯರೊಬ್ಬರು ಮುಂಬಯಿಗೆ ಹೊರಟರು. ಸೂಚನೆಯ ಹಾಳೆಗಳು ಮುಗಿದಿದ್ದವು. ಫೈಲಿನಲ್ಲಿದ್ದ ಹಳೆಯ ಕಾರ್ಬನ್ ಪ್ರತಿ ತೆಗೆದು, ಪಕ್ಕದಲ್ಲಿಟ್ಟುಕೊಂಡು ಟೈಪು ಮಾಡಲು ಕೂತೆ. ನಾಲ್ಕು ವರ್ಷ ಹಿಂದಿನ ಪ್ರತಿ. ಟೈಪಿಸ್ಟಿನ ಬೆರಳು ಓದುತ್ತದೆ, ತಲೆ ಓದುವುದಿಲ್ಲ. ಅಂದು ಮಾತ್ರ ತಲೆಯೂ ಓದಿತು. ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರು ಹಚ್ಚಬಾರದು ಎನ್ನುವ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು: ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರಕ್ಕೆ ಈ ನಿಯಮವಿಲ್ಲ. ಹಾಳೆಯ ಕೆಳಗಿನ ಮೂಲೆಯಲ್ಲಿ ಟೈಪು ಮಾಡಿದವಳ ಗುರುತಿಗೆ ಎರಡಕ್ಷರ. ನನ್ನವೇ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಆ ಒಕ್ಕಾಲೂ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕೇಳಿ ನಕ್ಕವಳು ನಾನು. ವಿಮಾನದವರು ಬಿಟ್ಟಿದ್ದರು, ಪೊಲೀಸಿನವನು ಬಿಟ್ಟಿದ್ದ, ಬಿಡದವಳು ನಾನೊಬ್ಬಳೇ.

ಆ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಸಂಜೆಯ ರೈಲು ಹತ್ತಿದೆ. ಅಪ್ಪನಿಗೆ ಇಂದೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮನೆಗೆ ಬಂದರೆ ಅಪ್ಪ ಹೊರಗಿನ ಕಟ್ಟೆಯ ಮೇಲೆ ರಸ್ತೆ ನೋಡುತ್ತ ಕೂತಿದ್ದರು. ಎದುರಿಗೆ ನಿಂತು ಹೇಳಿದ್ದರೆ ನನ್ನ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ನಾನು ಎದುರಿಗೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತೆ, ಅವ್ವ ಕೂತ ಹಾಗೆ. ಕೂತು ಎಲ್ಲ ಹೇಳಿದೆ. ಹಾಳೆಯ ಸಾಲು ಹೇಳಿದೆ, ಮೂಲೆಯ ಎರಡಕ್ಷರ ಹೇಳಿದೆ, ನಿಯಮಕ್ಕಿಂತ ಆ ಸಿಳ್ಳೆಯ ನಾಚಿಕೆಯೇ ನನಗೆ ದೊಡ್ಡದಾಗಿತ್ತು ಎಂದೂ ಹೇಳಿದೆ. ಅಳು ಬಂತು, ಅಳುತ್ತಲೇ ಹೇಳಿದೆ.

ಅಪ್ಪ ರಸ್ತೆ ನೋಡುತ್ತ ತಲೆ ಆಡಿಸುತ್ತಿದ್ದರು. ನಾನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಒದ್ದೆಯಾದ ಮುಖ ನೋಡಿ ಬೆನ್ನ ಮೇಲೆ ಕೈಯಿಟ್ಟರು.

"ಅವ್ವನ ನೆನಪಾತೇನು?" ಎಂದರು. "ಆತು ಬಿಡು. ಕೈಕಾಲು ತೊಳ್ಕೊ, ಊಟ ಮಾಡಾಣ ಏಳು."

ಒಳಗೆ ಗಡಿಯಾರ ನಡೆಯುತ್ತಿತ್ತು. ಅದರ ಸೆಲ್ಲು ತೆಗೆದು ಪೆಟ್ಟಿಗೆಗೆ ಹಾಕಿ, ಅಪ್ಪನ ಕಿವಿಗೆ ವೈರು ಸಿಕ್ಕಿಸಿ ಎಲ್ಲವನ್ನೂ ಇನ್ನೊಂದು ಸಲ ಹೇಳಬಹುದಿತ್ತು. ಅದಾದ ಮೇಲೆ ಅವರು ಆರು ವರ್ಷ ಬದುಕಿದ್ದರು. ನಾನು ಹೇಳಲಿಲ್ಲ.